ಬೇರೆ ಊರಿನ ಹಳೇ ವ್ಯಾನ್ ಕೊಳ್ಳುವುದು ಹೇಗೆ: ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಉಡುಪಿ ಹತ್ತಿರದ ಕಟಪಾಡಿಯಲ್ಲಿ ನಮ್ಮದು ಸಣ್ಣ ಅಡುಗೆ ಕೆಲಸ. ಸೀಮಂತ, ಗೃಹಪ್ರವೇಶ, ನೂರಿನ್ನೂರು ಜನರ ಊಟ. ಪಾತ್ರೆ, ಗ್ಯಾಸ್ ಒಲೆ, ಬಾಳೆ ಎಲೆ, ಜೊತೆಗೆ ನಾಲ್ಕು ಜನ. ಇಷ್ಟನ್ನೂ ಒಂದೇ ಸಲ ಹೊರಬೇಕು, ಒಳದಾರಿಯಲ್ಲೂ ನುಗ್ಗಬೇಕು. ಅದಕ್ಕೆ ವ್ಯಾನೇ ಆಗಬೇಕು. ಇಲ್ಲಿಯವರೆಗೆ ಮೂರು ಸೆಕೆಂಡ್ ಹ್ಯಾಂಡ್ ವ್ಯಾನ್ ಕೊಂಡಿದ್ದೇವೆ.

ಮೊದಲನೆಯದು ಕಾಸರಗೋಡು ನಂಬರಿನ ಓಮ್ನಿ. ಎಂಜಿನ್ ಸ್ಟಾರ್ಟ್ ಮಾಡಿದೆವು, ಸದ್ದು ಚೆನ್ನಾಗಿತ್ತು. ರೇಟು ಇಲ್ಲಿಗಿಂತ ಕಡಿಮೆ. ಎನ್‌ಒಸಿ, ಅಂದರೆ ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಅಲ್ಲಿನ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ, ಒಂದು ವಾರದಲ್ಲಿ ಬರುತ್ತದೆ ಎಂದು ಬ್ರೋಕರ್ ಹೇಳಿದರು. ಪೂರ್ತಿ ಹಣ ಕೊಟ್ಟು ಗಾಡಿ ತಂದೆವು. ಆರ್‌ಸಿಯಲ್ಲಿ ಹಳೇ ಸಾಲದ ನಮೂದು ಹಾಗೇ ಉಳಿದಿತ್ತು. ಸಾಲ ಕೊಟ್ಟ ಫೈನಾನ್ಸ್ ಆಫೀಸಿನ ಆ ಶಾಖೆಯೇ ಮುಚ್ಚಿಹೋಗಿತ್ತು. ಕಾಗದ ಕೈಗೆ ಬರಲು 14 ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಳೆಗಾಲ ಬಂತು. ಡ್ರೈವರ್ ಕಾಲಡಿಗೆ ನೀರು ಬರಲು ಶುರುವಾಯಿತು. ರಬ್ಬರ್ ಮ್ಯಾಟ್ ಎತ್ತಿ ನೋಡಿದರೆ ಕೆಳಗೆ ರಸ್ತೆ ಕಾಣುತ್ತಿತ್ತು.

ಆ ಗಾಡಿಯನ್ನು ನೋಡಿದ ನಮ್ಮ ಮೆಕ್ಯಾನಿಕ್ ಹೇಳಿದ್ದು ಇವತ್ತಿಗೂ ನೆನಪಿದೆ. "ಎಂಜಿನ್ ಬೇಕಾದ್ರೆ ನಾನು ಮಾಡಿ ಕೊಡ್ತೇನೆ ಮಾರ್ರೆ. ತಳ ಎಲ್ಲಿಂದ ತರುದು?"

ನಾವೆಲ್ಲ ಗಾಡಿ ನೋಡುವಾಗ ಮೊದಲು ಎಂಜಿನ್ ಸದ್ದು ಕೇಳುತ್ತೇವೆ, ಆಮೇಲೆ ಬಣ್ಣ ನೋಡುತ್ತೇವೆ, ಕೊನೆಗೆ ಕಾಗದ ಕೇಳುತ್ತೇವೆ. ಕರಾವಳಿಯಲ್ಲಿ ಇದು ತಿರುಗಬೇಕು. ಮೊದಲು ಕಾಗದ, ಆಮೇಲೆ ತಳ, ಆಮೇಲೆ ಎಂಜಿನ್. ಓಮ್ನಿ, ಈಕೋದಂಥ ಗಾಡಿಯ ಎಂಜಿನ್ ಕೆಲಸ ಯಾವ ಪೇಟೆಯಲ್ಲೂ ಆಗುತ್ತದೆ. ಹರಿದ ಕಾಗದ, ತುಕ್ಕು ತಿಂದ ತಳ ಮಾತ್ರ ಮೊದಲಿನಂತೆ ಆಗುವುದಿಲ್ಲ. ಈ ಬರಹವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಗಲ್ಫಿನಿಂದ, ಜಪಾನಿನಿಂದ ತರಿಸಬಹುದಾ?

ಇದನ್ನು ಮೊದಲೇ ಮುಗಿಸಿಬಿಡುತ್ತೇನೆ. ನಮ್ಮಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುತ್ತಾರೆ, ಹಾಗಾಗಿ ಈ ಪ್ರಶ್ನೆ ಬಂದೇ ಬರುತ್ತದೆ. ಅಬುಧಾಬಿಯಲ್ಲಿರುವ ನನ್ನ ಭಾವ ಪ್ರತಿ ಸಲ ಊರಿಗೆ ಬಂದಾಗಲೂ ಕೇಳುತ್ತಾರೆ. "ಅಲ್ಲಿ ಹಳೇ ಹಯಾಸ್ ಎಷ್ಟು ಚಂದ ಉಂಟು ಗೊತ್ತುಂಟಾ, ಒಂದು ಹಡಗಿಗೆ ಹಾಕಿ ಕಳಿಸ್ಲಾ?"

ಆಗುವುದಿಲ್ಲ. ಗಲ್ಫಿನ ಗಾಡಿಗಳ ಸ್ಟೀರಿಂಗ್ ಎಡಗಡೆ ಇರುತ್ತದೆ. ನಮ್ಮ ಆಮದು ನಿಯಮದ ಪ್ರಕಾರ ಸೆಕೆಂಡ್ ಹ್ಯಾಂಡ್ ವಾಹನ ತರಿಸಬೇಕಾದರೆ ಸ್ಟೀರಿಂಗ್ ಬಲಗಡೆಯೇ ಇರಬೇಕು. ಜಪಾನಿನ ವ್ಯಾನಿಗೆ ಅದು ಬಲಗಡೆ ಇದೆ, ಸರಿ. ಆದರೆ ಷರತ್ತು ಅಲ್ಲಿಗೆ ಮುಗಿಯುವುದಿಲ್ಲ. ಗಾಡಿ ತಯಾರಾಗಿ 3 ವರ್ಷ ದಾಟಿರಬಾರದು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ಇರಬೇಕು. ಹೆಡ್‌ಲೈಟಿನ ಬೆಳಕು ಎಡಬದಿ ಸಂಚಾರಕ್ಕೆ ಹೊಂದಬೇಕು. ಮುಂದೆ 5 ವರ್ಷ ರಸ್ತೆಯಲ್ಲಿ ಓಡುವ ಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರ ಬೇಕು. ಇಲ್ಲಿಗೆ ಬಂದ ಮೇಲೆ ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ ಆಗಬೇಕು. ಇಳಿಸುವುದೂ ಮುಂಬೈ ಬಂದರಿನಲ್ಲಿ ಮಾತ್ರ. ನಮ್ಮ ಮಂಗಳೂರಿನ ಪಣಂಬೂರಿನಲ್ಲಿ ಇಷ್ಟು ದೊಡ್ಡ ಬಂದರು ಇದ್ದರೂ ಹಳೇ ವ್ಯಾನನ್ನು ಅಲ್ಲಿ ಇಳಿಸುವಂತಿಲ್ಲ. ಇಷ್ಟೆಲ್ಲ ದಾಟಿದ ಮೇಲೆ ಕಟ್ಟುವ ಸುಂಕ, ತೆರಿಗೆ ಎಲ್ಲ ಸೇರಿದರೆ ಗಾಡಿಯ ಬೆಲೆಯನ್ನೂ ಮೀರುತ್ತದೆ.

ಈಗಾಗಲೇ ಭಾರತದಲ್ಲಿ ನಂಬರ್ ಆಗಿರುವ ಆಮದು ವ್ಯಾನ್ ಮಾರಾಟಕ್ಕೆ ಬಂದರೆ? ಆಗ ಆರ್‌ಸಿ ಒಂದನ್ನೇ ನಂಬಬೇಡಿ. ಕಸ್ಟಮ್ಸಿನಲ್ಲಿ ಸುಂಕ ಕಟ್ಟಿದ 'ಬಿಲ್ ಆಫ್ ಎಂಟ್ರಿ' ಕೇಳಿ. ಅದರಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲೆ ಕೊರೆದಿರುವ ನಂಬರಿನ ಜೊತೆ ಒಂದೊಂದೇ ಅಕ್ಷರವಾಗಿ ಹೋಲಿಸಿ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸಿನವರು 'ಆಪರೇಷನ್ ನುಮ್ಖೋರ್' ಎಂದು ಹೆಸರಿಟ್ಟು ದಾಳಿ ಮಾಡಿದ್ದು ನೆನಪಿರಬಹುದು. ಭೂತಾನ್ ದಾರಿಯಲ್ಲಿ ಸುಂಕ ಕಟ್ಟದೆ ತಂದವು ಎಂಬ ಆರೋಪದ ಮೇಲೆ ಆಗ ಗಾಡಿಗಳನ್ನು ಜಪ್ತಿ ಮಾಡಿದರು. ಭೂತಾನಿನಲ್ಲೂ ಸ್ಟೀರಿಂಗ್ ಬಲಗಡೆಯೇ. ಹಾಗಾಗಿ ನೋಡಿದ ಕೂಡಲೇ ಅನುಮಾನ ಬರುವುದಿಲ್ಲ. ಇಂಥ ಕೇಸಿನಲ್ಲಿ ಗಾಡಿ ಹೋಗುವುದು ಕೊನೆಗೆ ಯಾರ ಅಂಗಳದಲ್ಲಿ ನಿಂತಿದೆಯೋ ಅವರ ಕೈಯಿಂದ.

ಹಾಗಾದರೆ ನಮಗೆ ಉಳಿಯುವುದು ಯಾವುದು? ಓಮ್ನಿ ಮತ್ತು ಈಕೋ. 'ಹೊರಗಿನಿಂದ' ಅಂದರೆ ನಮಗೆ ತಲಪಾಡಿಯ ಆಚೆ ಕೇರಳ, ಕಾರವಾರದ ಆಚೆ ಗೋವಾ, ಇಲ್ಲವೇ ಘಟ್ಟದ ಮೇಲೆ.

ಓಮ್ನಿಯೋ ಈಕೋನೋ

ಮಾರುತಿಯ ಈ ವ್ಯಾನ್ ರಸ್ತೆಗಿಳಿದದ್ದು 1984ರಲ್ಲಿ. ಓಮ್ನಿ ಎಂಬ ಹೆಸರು ಬಂದದ್ದು ಆಮೇಲೆ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, 4 ಗೇರ್, ಹಿಂದಿನ ಚಕ್ರಕ್ಕೆ ಎಳೆತ. ಹೊಸ ಸುರಕ್ಷತೆ ನಿಯಮಗಳಿಗೆ ಹೊಂದಿಸಲಾಗದೆ 2019ರಲ್ಲಿ ತಯಾರಿ ನಿಂತಿತು. ಈಕೋ 2010ರಲ್ಲಿ ಬಂತು. 1.2 ಲೀಟರಿನ ನಾಲ್ಕು ಸಿಲಿಂಡರ್, 5 ಗೇರ್. ಈಗಲೂ ಹೊಸದು ಸಿಗುತ್ತದೆ.

ಪೇಟೆಯೊಳಗೆ, ಸಣ್ಣ ಓಣಿಗೆ, ಕಡಿಮೆ ಬಜೆಟ್ಟಿಗೆ ಓಮ್ನಿ ಸಾಕು. ವಾರಕ್ಕೊಮ್ಮೆಯಾದರೂ ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತುವವರು ಈಕೋ ನೋಡಿ. ಏಳು ಜನ ಕೂತು ಘಟ್ಟ ಹತ್ತುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನೊಂದು ಮಾತು. ಓಮ್ನಿಯಲ್ಲಿ ಡ್ರೈವರಿನ ಮುಂದೆ ಬಾನೆಟ್ಟೇ ಇಲ್ಲ, ಡಿಕ್ಕಿಯಾದರೆ ಪೆಟ್ಟು ನೇರ ಕಾಲಿಗೇ. ಮಕ್ಕಳನ್ನು ಶಾಲೆಗೆ ಬಿಡಲು ಅಂತ ಕೊಳ್ಳುವವರಿಗೆ ನಾನು ಓಮ್ನಿ ಬೇಡ ಎಂದೇ ಹೇಳುತ್ತೇನೆ. ಬೆಲೆ ಜಾಸ್ತಿಯಾದರೂ ಎಬಿಎಸ್, ಏರ್‌ಬ್ಯಾಗ್ ಇರುವ 2019ರ ನಂತರದ ಈಕೋ ಹುಡುಕಿ.

ವಯಸ್ಸನ್ನೂ ಲೆಕ್ಕ ಹಾಕಿ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಗಾಡಿಗೆ ಇನ್ನೂ ಜಾಸ್ತಿ. ಇದರ ಮೇಲೆ ಹಸಿರು ತೆರಿಗೆ ಬೇರೆ. 14 ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕಿತು ಎಂದು ಖುಷಿಪಡುವ ಮುಂಚೆ ಮುಂದಿನ ವರ್ಷದ ಈ ಖರ್ಚನ್ನು ಬೆಲೆಗೆ ಸೇರಿಸಿ ನೋಡಿ.

ಮೊದಲ ಹೆಜ್ಜೆ: ಗಾಡಿ ನೋಡುವ ಮುಂಚೆ ಕಾಗದ

ಮಾರುವವರಿಗೆ ಫೋನ್ ಮಾಡಿದಾಗಲೇ ಆರ್‌ಸಿಯ ಎರಡೂ ಬದಿಯ ಫೋಟೋ, ವಿಮೆಯ ಫೋಟೋ ಕಳಿಸಲು ಹೇಳಿ. ಕಳಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ತಲಪಾಡಿ ದಾಟುವ ಪೆಟ್ರೋಲಾದರೂ ಉಳಿಯುತ್ತದೆ.

ಫೋಟೋ ಸಿಕ್ಕಿದ ಮೇಲೆ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ. ವಿಮೆ ಎಲ್ಲಿಯವರೆಗೆ ಇದೆ, ಫಿಟ್‌ನೆಸ್ ಯಾವಾಗ ಮುಗಿಯುತ್ತದೆ, ಎಷ್ಟನೇ ಮಾಲೀಕರು, ಸಾಲದ ನಮೂದು ಇದೆಯಾ ಎಂದು ನೋಡಿ. ಇ–ಚಲನ್ ಪುಟದಲ್ಲಿ ಬಾಕಿ ದಂಡ ನೋಡಿ. ಕದ್ದ ಗಾಡಿಯೇ ಎಂದು ತಿಳಿಯಲು ಕೇಂದ್ರದ ಅಪರಾಧ ದಾಖಲೆ ಬ್ಯೂರೋದ 'ವಾಹನ ಸಮನ್ವಯ' ಎಂಬ ಸೇವೆ ಇದೆ. ಚಾಸಿ ನಂಬರ್, ಎಂಜಿನ್ ನಂಬರ್ ಕೊಟ್ಟು ಅಲ್ಲಿ ಹುಡುಕಬಹುದು. ಇಷ್ಟಕ್ಕೆ ಅರ್ಧ ಗಂಟೆ ಸಾಕು.

ಈಗ ಆರ್‌ಸಿಯನ್ನು ನಿಧಾನಕ್ಕೆ ಓದಿ. ನಾಲ್ಕು ಕಡೆ ಕಣ್ಣಿಡಬೇಕು.

ಸಾಲದ ನಮೂದು. ಬ್ಯಾಂಕಿನ ಹೆಸರು ಇದ್ದರೆ ಸಾಲ ತೀರಿದ ಪತ್ರ ಮತ್ತು ಫಾರ್ಮ್ 35 ಬೇಕು. "ಸಾಲ ಯಾವತ್ತೋ ತೀರಿದೆ" ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಆ ಬಾಯಿಮಾತನ್ನು ನಂಬಿಯೇ ನಾವು 14 ತಿಂಗಳು ಕಳೆದದ್ದು. ನಮೂದು ತೆಗೆಸುವ ಕೆಲಸ ಮಾರುವವರದ್ದು. ಅವರು ತೆಗೆಸಿದ ಮೇಲೆ ಹಣದ ಮಾತು.

ಮಾಲೀಕರ ಹೆಸರು. ಮಾರುವವರು, ಆರ್‌ಸಿಯಲ್ಲಿ ಇರುವವರು ಒಬ್ಬರೇನಾ? ತಂದೆ ತೀರಿಹೋಗಿ ಮಗ ಮಾರುತ್ತಿದ್ದರೆ ಮೊದಲು ಅವರು ಫಾರ್ಮ್ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಸಂಕಟದಲ್ಲಿರುವ ಮನೆಯವರ ಹತ್ತಿರ ಇದನ್ನು ಕೇಳಲು ಮುಜುಗರ ಆಗುತ್ತದೆ, ನಿಜ. ಆದರೂ ಕೇಳಿ. ಆಮೇಲೆ ಅಣ್ಣ–ತಂಗಿಯರ ಪಾಲಿನ ಜಗಳದೊಳಗೆ ನಿಮ್ಮ ವ್ಯಾನ್ ಸಿಕ್ಕಿಹಾಕಿಕೊಳ್ಳಬಾರದು, ಅಲ್ವಾ?

ಗಾಡಿಯ ವರ್ಗ. ಖಾಸಗಿಯೋ, ಟ್ಯಾಕ್ಸಿಯೋ, ಸಾಮಾನಿನ ಗಾಡಿಯೋ, ಆ್ಯಂಬುಲೆನ್ಸೋ? ಹಳದಿ ಬೋರ್ಡಿನದ್ದನ್ನು ಬಿಳಿ ಬೋರ್ಡಿಗೆ ತರಲು ಪರ್ಮಿಟ್ ಒಪ್ಪಿಸಬೇಕು, ತೆರಿಗೆ ವ್ಯತ್ಯಾಸ ಕಟ್ಟಬೇಕು. ಬಿಳಿ ಬೋರ್ಡಿನ ವ್ಯಾನಿನ ಸೀಟು ಕಿತ್ತು ಬಾಡಿಗೆಗೆ ಸಾಮಾನು ಹೊರುವುದು ತಪ್ಪು. ಆರ್‌ಸಿಯಲ್ಲಿ ಎಷ್ಟು ಸೀಟು ಬರೆದಿದೆಯೋ ಗಾಡಿಯಲ್ಲೂ ಅಷ್ಟೇ ಇರಬೇಕು. ಬಾಡಿಗೆ ಕೆಲಸವೇ ನಿಮ್ಮ ಉದ್ದೇಶ ಎಂದಾದರೆ ಮೊದಲಿನಿಂದಲೇ ಕಾರ್ಗೋ ಈಕೋ ಹುಡುಕಿ. ಅದಕ್ಕೆ ಬೇರೆ ಲೈಸೆನ್ಸ್ ಬೇಕೇ ಎಂದು ಹೆದರಬೇಡಿ. 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಸಾಮಾನ್ಯ ಎಲ್‌ಎಂವಿ (ಲಘು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಇಂಧನ. ಗಾಡಿಯಲ್ಲಿ ಗ್ಯಾಸ್ ಕಿಟ್ ಇದ್ದರೆ ಆರ್‌ಸಿಯಲ್ಲೂ ಬರೆದಿರಬೇಕು. ಸಿಎನ್‌ಜಿ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಆಗಬೇಕು, ಆ ಸರ್ಟಿಫಿಕೇಟ್ ಕೇಳಿ. ಹಳೇ ಓಮ್ನಿಗಳಲ್ಲಿ ಮನೆಯ ಅಡುಗೆ ಸಿಲಿಂಡರ್ ಕೂರಿಸಿ ಓಡಿಸಿದ ಗುರುತು ಕಂಡರೆ, ಪೈಪಿನ ತೂತು, ಸೀಟಿನಡಿ ಪಟ್ಟಿ, ಅಂಥದ್ದು ಬೇಡವೇ ಬೇಡ. ಅದು ಜನ ಕೂರುವ ಗಾಡಿ.

ಎರಡನೇ ಹೆಜ್ಜೆ: ಎಲ್ಲಿ, ಯಾವಾಗ ನೋಡಬೇಕು

ಘಟ್ಟದ ಮೇಲಿನ ಗಾಡಿಗೆ ನಾನು ಜಾಸ್ತಿ ಒಲವು ತೋರಿಸುತ್ತೇನೆ. ಹಾಸನ, ಚಿಕ್ಕಮಗಳೂರು ಕಡೆಯಲ್ಲೇ ಓಡಿದ ಗಾಡಿಗೆ ಉಪ್ಪುಗಾಳಿ ತಾಗಿರುವುದಿಲ್ಲ. ಕರ್ನಾಟಕದ್ದೇ ನಂಬರ್ ಆದ್ದರಿಂದ ತೆರಿಗೆಯನ್ನು ಮತ್ತೆ ಕಟ್ಟುವ ತಲೆನೋವೂ ಇಲ್ಲ. ಆದರೆ ಕಾಫಿ ತೋಟದೊಳಗೆ ಓಡಿದ ಗಾಡಿಯಾದರೆ ಸಸ್ಪೆನ್ಷನ್ ಸವೆದಿರುತ್ತದೆ. ಅದು ರಿಪೇರಿಯಾಗುವ ವಿಷಯ.

ಕಾಸರಗೋಡು, ಗೋವಾ ಕಡೆಯ ಗಾಡಿಯೂ ನಮ್ಮಂತೆಯೇ ಕಡಲ ಬದಿಯದ್ದು. ರೇಟು ಕಡಿಮೆ ಎಂದು ಕಂಡರೂ ತೆರಿಗೆ ಸೇರಿಸಿದ ಮೇಲೆ ಹೆಚ್ಚಿನ ಸಲ ಇಲ್ಲಿಯ ಬೆಲೆಗೇ ಬಂದು ನಿಲ್ಲುತ್ತದೆ.

ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಧಕ್ಕೆಯಿಂದ (ಮೀನು ಇಳಿಸುವ ಬಂದರು) ಮೀನು ಹೊತ್ತ ವ್ಯಾನ್ ಮಾತ್ರ ನಾನು ಮುಟ್ಟುವುದಿಲ್ಲ. ಆ ಕೆಲಸ ಕೀಳು ಎಂದಲ್ಲ, ಆ ದುಡಿಮೆಯ ಮೇಲೆಯೇ ಎಷ್ಟೋ ಮನೆಗಳ ಊಟ ನಿಂತಿದೆ. ಆದರೆ ಮಂಜುಗಡ್ಡೆ ಕರಗಿದ ಉಪ್ಪುನೀರು ದಿನವೂ ನೆಲದ ಸಂದಿಗೆ ಇಳಿದು ಒಳಗಿಂದಲೇ ತಿನ್ನುತ್ತದೆ. ಮೇಲೆ ಹೊಸ ಬಣ್ಣ ಹೊಡೆದರೆ ಗೊತ್ತೇ ಆಗುವುದಿಲ್ಲ. ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಗಾಡಿಯನ್ನು ನೀವೇ ತೆರೆದು ಮೂಗಿನಿಂದ ನೋಡಿ. ಸುಗಂಧದ ಸ್ಪ್ರೇ ಘಮಘಮ ಎನ್ನುತ್ತಿದ್ದರೂ ಅನುಮಾನಪಡಿ.

ನೋಡಲು ಒಳ್ಳೆಯ ಕಾಲ ಮಳೆಗಾಲವೇ. ಬಿಸಿಲಿನಲ್ಲಿ ಎಲ್ಲ ವ್ಯಾನೂ ಒಣಗಿರುತ್ತದೆ. ಜೋರು ಮಳೆಯಲ್ಲಿ ಗಾಜಿನ ಬೀಡಿಂಗ್, ಜಾರುಬಾಗಿಲು, ನೆಲ ಎಲ್ಲದರ ಬಣ್ಣ ಬಯಲಾಗುತ್ತದೆ. ತುಳುವರ ಆಟಿ ತಿಂಗಳಲ್ಲಿ ಗಾಡಿ ಮನೆಗೆ ತರಬಾರದು ಎನ್ನುವ ಹಿರಿಯರು ನಮ್ಮ ಮನೆಯಲ್ಲೂ ಇದ್ದಾರೆ. ನೋಡುವುದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಆಟಿಯಲ್ಲಿ ನೋಡಿ ಇಡಿ, ಮುಂದಿನ ತಿಂಗಳು ಸೋಣದಲ್ಲಿ ತನ್ನಿ.

ಮೂರನೇ ಹೆಜ್ಜೆ: ತಳ

ಹಳೇ ಬಟ್ಟೆ ಹಾಕಿಕೊಂಡು ಹೋಗಿ. ಟಾರ್ಚ್, ಸ್ಕ್ರೂಡ್ರೈವರ್, ಸಣ್ಣ ಅಯಸ್ಕಾಂತ, ಮಲಗಲು ಒಂದು ಗೋಣಿ ತೆಗೆದುಕೊಳ್ಳಿ. ಗಾಡಿಯ ಕೆಳಗೆ ಮಲಗದೆ ವ್ಯಾನ್ ಕೊಳ್ಳಬಾರದು. ನಿಮಗೆ ಆಗದಿದ್ದರೆ ಹತ್ತಿರದ ವಾಟರ್ ಸರ್ವಿಸಿಗೆ ಒಯ್ದು ರ‍್ಯಾಂಪಿಗೆ ಏರಿಸಿ ನೋಡಿ. ಮಾರುವವರು ಅದಕ್ಕೂ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಮೊದಲು ಒಳಗಿನಿಂದ ಶುರು ಮಾಡಿ. ರಬ್ಬರ್ ಮ್ಯಾಟನ್ನು ಪೂರ್ತಿ ಎತ್ತಿಸಿ. ಡ್ರೈವರಿನ ಕಾಲಿಡುವ ಜಾಗ, ಪಕ್ಕದ ಸೀಟಿನ ಮುಂದೆ, ಜಾರುಬಾಗಿಲಿನ ಮೆಟ್ಟಿಲು, ಹಿಂದಿನ ಚಕ್ರದ ಮೇಲಿನ ಉಬ್ಬು, ಹಿಂಬಾಗಿಲಿನ ಕೆಳ ಅಂಚು. ಈ ಐದು ಕಡೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು 'ಟಣ್' ಎನ್ನುತ್ತದೆ, ತುಕ್ಕು ತಿಂದದ್ದು 'ದಬ್' ಎನ್ನುತ್ತದೆ. ಎರಡು ಸಲ ತಟ್ಟಿದರೆ ಯಾರ ಕಿವಿಗೂ ಗೊತ್ತಾಗುತ್ತದೆ.

ಹೊರಗೆ ಬಾಗಿಲಿನ ಕೆಳಭಾಗ, ಚಕ್ರದ ಕಮಾನು, ಮುಂದಿನ ಗಾಜಿನ ಬುಡ, ಮಾಡಿನ ನೀರು ಇಳಿಯುವ ಅಂಚು. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಅಲ್ಲೆಲ್ಲ ಆಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಅಂಗೈಯಗಲ ಪುಟ್ಟಿ ಇದ್ದರೆ ದೊಡ್ಡ ವಿಷಯವಲ್ಲ. ಕೆಳ ಅಂಚಿನ ಉದ್ದಕ್ಕೂ ಪುಟ್ಟಿಯೇ ಇದ್ದರೆ ಆ ಗಾಡಿಯನ್ನು ಬಣ್ಣವೇ ಹಿಡಿದು ನಿಲ್ಲಿಸಿದೆ.

ಈಗ ಕೆಳಗೆ ಮಲಗಿ. ಉದ್ದಕ್ಕೆ ಹೋಗುವ ಎರಡು ತೊಲೆಗಳನ್ನು ಟಾರ್ಚ್ ಬಿಟ್ಟು ನೋಡಿ. ಓಮ್ನಿಯಲ್ಲಿ ಹಿಂದೆ ಪ್ಲೇಟ್ ಸ್ಪ್ರಿಂಗ್ ಇರುತ್ತದೆ. ಅದು ಬಾಡಿಗೆ ಸೇರುವ ಕೊಂಡಿಯ ಜಾಗ ತುಂಬ ಮುಖ್ಯ. ಅಲ್ಲಿ ತಗಡು ಪದರ ಪದರವಾಗಿ ಏಳುತ್ತಿದ್ದರೆ ಬೇರೆ ಎಲ್ಲ ಚೆನ್ನಾಗಿದ್ದರೂ ಬೇಡ. ತುಂಬಿದ ಗಾಡಿ ಹೊಂಡಕ್ಕೆ ಬಿದ್ದ ದಿನ ಆ ಕೊಂಡಿ ಕಿತ್ತು ಬರುತ್ತದೆ. ಜಾಕ್ ಇಡುವ ಜಾಗವನ್ನೂ ಒತ್ತಿ ನೋಡಿ. ತಳಕ್ಕೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಯಾವಾಗ ಹೊಡೆಸಿದ್ದು, ಯಾಕೆ ಎಂದು ಕೇಳಿ. ಮಾರಾಟಕ್ಕೆ ಎರಡು ವಾರ ಮೊದಲು ಹೊಡೆಸಿದ ಕೋಟಿಂಗ್ ಬರಿ ಪರದೆ.

ತುಕ್ಕಿನಲ್ಲೂ ಎರಡು ಬಗೆ. ಮೇಲ್ಮೈಯಲ್ಲಿ ಕೆಂಪು ಪುಡಿಯಂತೆ ಇದ್ದು ಉಜ್ಜಿದರೆ ಹೋಗುವುದು ಒಂದು. ಅದು ನಮ್ಮ ಊರಿನ ಎಲ್ಲ ಗಾಡಿಯಲ್ಲೂ ಇರುತ್ತದೆ, ಹೆದರಬೇಡಿ. ಉಬ್ಬಿ, ಚಕ್ಕೆ ಎದ್ದು, ಬೆರಳಿನಲ್ಲಿ ಒತ್ತಿದರೆ ಕುಸಿಯುವುದು ಇನ್ನೊಂದು. ಟಿಂಕರಿಂಗ್ ಮಾಡುವವರು ಅದನ್ನು ಕತ್ತರಿಸಿ ಹೊಸ ತಗಡು ಬೆಸೆದು ಕೊಡುತ್ತಾರೆ. ಆದರೆ ಬೆಸುಗೆಯ ಅಂಚಿನಲ್ಲೇ ಮತ್ತೆ ತುಕ್ಕು ಶುರುವಾಗುತ್ತದೆ.

ನೆರೆಯಲ್ಲಿ ಮುಳುಗಿದ ಗಾಡಿಯ ಬಗ್ಗೆಯೂ ಎಚ್ಚರ ಬೇಕು. 2018ರ ಮೇ 29ರಂದು ಮಂಗಳೂರು ಮುಳುಗಿತು. ಅದೇ ವರ್ಷ ಆಗಸ್ಟಿನಲ್ಲಿ ಕೇರಳದಲ್ಲಿ ನೆರೆ. 2020ರ ಸೆಪ್ಟೆಂಬರಿನಲ್ಲಿ ಉಡುಪಿಯಲ್ಲಿ. ಆ ಗಾಡಿಗಳು ತೊಳೆದು ಒಣಗಿ ಎಲ್ಲೋ ಓಡುತ್ತಲೇ ಇರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಸೀಟಿನ ಹಳಿ, ಫ್ಯೂಸ್ ಬಾಕ್ಸಿನ ಸ್ಕ್ರೂ, ಹೆಡ್‌ಲೈಟಿನ ಒಳಗೆ ಮಣ್ಣು. ತೊಳೆಯುವವರ ಕೈ ಅಲ್ಲಿಗೆ ಹೋಗುವುದಿಲ್ಲ.

ನಾಲ್ಕನೇ ಹೆಜ್ಜೆ: ಎಂಜಿನ್ ಮತ್ತು ಓಡಾಟ

ಹಿಂದಿನ ದಿನವೇ ಹೇಳಿಡಿ: "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ." ತಣ್ಣಗಿರುವ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಎರಡೂ ಗಾಡಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುತ್ತದೆ. ಸೀಟೆತ್ತಿ ಆಯಿಲ್ ಮುಚ್ಚಳ ತೆಗೆಯಿರಿ. ಒಳಗೆ ಹಾಲಿನ ಕೆನೆಯಂಥ ಲೋಳೆ ಇದ್ದರೆ ಆಯಿಲಿಗೆ ನೀರು ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಲೆಕ್ಕ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದು ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಮೂರು ಸಿಲಿಂಡರಿನ ಓಮ್ನಿ ನಿಂತಲ್ಲಿ ಸ್ವಲ್ಪ ನಡುಗುವುದು ಸಹಜ. ಕಾರ್ಬೊರೇಟರ್ ಕಾಲದ ಹಳೇ ಗಾಡಿಯಾದರೆ ಪೆಟ್ರೋಲ್ ಹೋಸುಗಳನ್ನೂ ಮುಟ್ಟಿ ನೋಡಿ. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್, ಹಳೇ ರಬ್ಬರಿಗೆ ಅದು ಹಿಡಿಸುವುದಿಲ್ಲ.

ಒಬ್ಬರೇ ಕೂತು ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಏನೂ ತಿಳಿಯದು. ನಾಲ್ಕು ಜನ ಹತ್ತಿ. ಉಡುಪಿಯವರು ಇಂದ್ರಾಳಿಯಿಂದ ಮಣಿಪಾಲಕ್ಕೆ ಏರಿ, ಮಂಗಳೂರಿನವರು ಕದ್ರಿ ಗುಡ್ಡ ಏರಿ. ಏರಿನಲ್ಲಿ ಎಂಜಿನ್ ಕಿರುಚಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಸವೆದಿದೆ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಕೆಳಗೆ 'ಟಕ್' ಎಂದರೆ ಹಿಂದಿನ ಚಕ್ರಕ್ಕೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದೆ. ಅದು ಸಣ್ಣ ಖರ್ಚು, ಬೆಲೆ ಇಳಿಸಲು ಉಪಯೋಗಿಸಿ. ಏರಿನ ಮಧ್ಯೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ ನೋಡಿ. ಇಳಿಯುವಾಗ ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ, ಒಂದು ಬದಿಗೆ ಎಳೆಯುತ್ತದಾ ನೋಡಿ. ವಾಪಸ್ ಬಂದ ಮೇಲೆ ರೇಡಿಯೇಟರ್ ನೀರಿನ ಮಟ್ಟ ಇನ್ನೊಮ್ಮೆ ನೋಡಿ. ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ, ಬಿಸಿ ಇರುತ್ತದೆ.

ಕಿಲೋಮೀಟರ್ ಓಟವನ್ನು ಮೀಟರಿನಲ್ಲಿ ನೋಡಿ ನಂಬಬೇಡಿ. ಪೆಡಲಿನ ರಬ್ಬರ್, ಜಾರುಬಾಗಿಲಿನ ಹಿಡಿ, ಡ್ರೈವರ್ ಸೀಟಿನ ಅಂಚು ಎಷ್ಟು ಸವೆದಿದೆ ನೋಡಿ. ಕಂಪನಿ ಸರ್ವಿಸ್ ಆಗಿದ್ದರೆ ಅದರ ದಾಖಲೆ ಕೇಳಿ.

ಐದನೇ ಹೆಜ್ಜೆ: ಹಣ ಕೊಡುವ ರೀತಿ

ಒಪ್ಪಿಗೆಯಾದರೆ ಸಣ್ಣ ಟೋಕನ್ ಅಡ್ವಾನ್ಸ್ ಕೊಡಿ. ಉಳಿದದ್ದು ಬ್ಯಾಂಕಿನ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ. ಬೇರೆ ರಾಜ್ಯದ ಗಾಡಿಯಾದರೆ ಎನ್‌ಒಸಿ ಕೈಗೆ ಬರುವವರೆಗೆ ದೊಡ್ಡ ಪಾಲು ಉಳಿಸಿಕೊಳ್ಳಿ. ಒಳ್ಳೆಯ ಬ್ರೋಕರುಗಳೂ ಇದ್ದಾರೆ, ನಮ್ಮ ಮೂರನೇ ವ್ಯಾನ್ ಕೊಡಿಸಿದ್ದು ಅಂಥವರೇ. ಆದರೆ ಒಳ್ಳೆಯವರು ಈ ಷರತ್ತಿಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಗಾಡಿ ಒಪ್ಪಿಸಿದ ದಿನ ಮಾತ್ರವಲ್ಲ, ಗಂಟೆಯನ್ನೂ ಬರೆದು ಇಬ್ಬರೂ ಸಹಿ ಹಾಕಿದ ಪತ್ರ ಇಟ್ಟುಕೊಳ್ಳಿ. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರ ಮೇಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಹೆಸರು ಬದಲಾವಣೆಗೆ ಮಾರುವವರೂ ಆತುರಪಡಬೇಕು. ಅವರಿಗೆ ಇದನ್ನು ತಿಳಿಸಿ ಹೇಳಿದರೆ ಸಹಿಗೆ ಓಡಾಡಿಸುವುದಿಲ್ಲ.

ಆರನೇ ಹೆಜ್ಜೆ: ಹೆಸರಿಗೆ ಮಾಡಿಸುವುದು

ಕರ್ನಾಟಕದ ಗಾಡಿಯಾದರೆ ಸುಲಭ. ಫಾರ್ಮ್ 29 ಮಾರುವವರದ್ದು, ಫಾರ್ಮ್ 30 ನಿಮ್ಮದು. ಜೊತೆಗೆ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ವಿಳಾಸದ ದಾಖಲೆ. ಪರಿವಾಹನ್ ಜಾಲತಾಣದಲ್ಲಿ ಅರ್ಜಿ, ಶುಲ್ಕ. ಮಾರುವವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ.

ಬೇರೆ ರಾಜ್ಯದ್ದಾದರೆ ಕೆಲಸ ಜಾಸ್ತಿ. ಮೊದಲು ಆ ಊರಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ. ಅದಕ್ಕೆ ಬಾಕಿ ದಂಡ, ತೆರಿಗೆ ಎಲ್ಲ ತೀರಿರಬೇಕು. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ತುಕ್ಕು ಹಿಡಿದು ನಂಬರ್ ಮಸುಕಾಗಿದ್ದರೆ ತೊಂದರೆ ಇಲ್ಲೇ ಶುರು, ಆದ್ದರಿಂದ ಗಾಡಿ ನೋಡುವ ದಿನವೇ ಒಂದು ಪ್ರಿಂಟ್ ತೆಗೆದು ನೋಡಿ. ಎನ್‌ಒಸಿ ಬಂದ ಮೇಲೆ ನಿಮ್ಮ ಆರ್‌ಟಿಒದಲ್ಲಿ, ಮಂಗಳೂರಾದರೆ ಕೆಎ 19, ಉಡುಪಿಯಾದರೆ ಕೆಎ 20, ಪುತ್ತೂರಾದರೆ ಕೆಎ 21, ಹೊಸ ನಂಬರಿಗೆ ಫಾರ್ಮ್ 27 ಮತ್ತು ಹೆಸರು ಬದಲಾವಣೆಯ ಫಾರ್ಮುಗಳನ್ನು ಒಟ್ಟಿಗೆ ಕೊಡಿ. ಇನ್‌ಸ್ಪೆಕ್ಟರ್ ಗಾಡಿ ನೋಡುತ್ತಾರೆ.

ಆಮೇಲೆ ಜೀವಾವಧಿ ತೆರಿಗೆ. ಜನ ಮರೆಯುವುದು ಇದನ್ನೇ. ಕರ್ನಾಟಕದಲ್ಲಿ 5 ಲಕ್ಷದೊಳಗಿನ ಗಾಡಿಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, ಅದರ ಮೇಲೆ ಸೆಸ್. ಲೆಕ್ಕ ಹಾಕುವುದು ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಗಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಗೆ. ಗಾಡಿ ಹಳತಾದಷ್ಟೂ ವರ್ಷದ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಟೋಕನ್ ಕೊಡುವ ಮುಂಚೆಯೇ ಆರ್‌ಟಿಒ ಕೌಂಟರಿನಲ್ಲಿ ಇದನ್ನು ಕೇಳಿ ಬರೆದುಕೊಳ್ಳಿ. ಹಳೇ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲು ವಾಪಸ್ ಸಿಗುವ ವ್ಯವಸ್ಥೆ ಇರುತ್ತದೆ. ಅದಕ್ಕೆ ಮೊದಲ ರಸೀದಿ ಬೇಕು, ಮಾರುವವರಿಂದ ಆಗಲೇ ಪಡೆದಿಟ್ಟುಕೊಳ್ಳಿ.

ಕೇರಳ ನಂಬರಿನಲ್ಲೇ ಸುಮ್ನೆ ಓಡಿಸುತ್ತಾ ಇದ್ದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಮೋಟಾರು ವಾಹನ ಕಾಯಿದೆಯ 47ನೇ ಕಲಮಿನ ಪ್ರಕಾರ 12 ತಿಂಗಳಿಗಿಂತ ಹೆಚ್ಚು ಇನ್ನೊಂದು ರಾಜ್ಯದಲ್ಲಿ ಇಟ್ಟರೆ ಹೊಸ ನಂಬರ್ ಆಗಲೇಬೇಕು. ತೆರಿಗೆಯ ತಪಾಸಣೆಗೆ ಅದಕ್ಕೂ ಮುಂಚೆಯೇ ನಿಲ್ಲಿಸಿ ಕೇಳಬಹುದು.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆಗೇ ಬರುತ್ತದೆ. ನಿಮ್ಮ ಗಾಡಿಯ ರಿಪೇರಿ ಹಣ ಸಿಗಬೇಕಾದರೆ ಮಾತ್ರ ಪಾಲಿಸಿಯಲ್ಲಿ ನಿಮ್ಮ ಹೆಸರು ಇರಬೇಕು. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಅವರ ಫಾಸ್ಟ್ಯಾಗನ್ನು ಅವರೇ ಮುಚ್ಚಲಿ, ನೀವು ಹೊಸದು ಹಾಕಿಸಿ. ಇಲ್ಲದಿದ್ದರೆ ಹೆಜಮಾಡಿ, ಸಾಸ್ತಾನದ ಟೋಲ್‌ಗೇಟಿನಲ್ಲಿ ನೀವು ದಾಟಿದ ಹಣ ಅವರ ಖಾತೆಯಿಂದ ಹೋಗುತ್ತದೆ. 2019ರ ಏಪ್ರಿಲ್‌ಗಿಂತ ಹಳೇ ಗಾಡಿಯಾದರೆ ಹೊಸ ಮಾದರಿಯ ಭದ್ರತಾ ನಂಬರ್ ಪ್ಲೇಟ್ ಆಗಿದೆಯಾ ನೋಡಿ.

ಮನೆಗೆ ಬಂದ ಮೇಲೆ

ಆರ್‌ಸಿ ನಿಮ್ಮ ಹೆಸರಿಗೆ ಬಂತು, ಪೂಜೆಯೂ ಆಯಿತು. ಆ ವಾರವೇ ತಳವನ್ನು ಚೆನ್ನಾಗಿ ತೊಳೆಸಿ, ಎರಡು ದಿನ ಒಣಗಿಸಿ, ತುಕ್ಕು ಉಜ್ಜಿ ತೆಗೆಸಿ, ಆಮೇಲೆ ಕೋಟಿಂಗ್ ಹೊಡೆಸಿ. ಒದ್ದೆ ತಳಕ್ಕೆ ಹೊಡೆದ ಕೋಟಿಂಗ್ ನೀರನ್ನು ಒಳಗೇ ಹಿಡಿದಿಡುತ್ತದೆ. ರಬ್ಬರ್ ಮ್ಯಾಟನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಗಾಳಿಗೆ ಬಿಡಿ. ಸಮುದ್ರದ ಬದಿಗೆ ಹೋಗಿ ಬಂದ ದಿನ ಕೆಳಗಿನಿಂದ ಸಿಹಿನೀರು ಹೊಡೆಯಿರಿ.

ಬಾಗಿಲುಗಳ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಮಣ್ಣು, ಎಲೆ ತುಂಬಿ ಅವು ಮುಚ್ಚಿದರೆ ಬಾಗಿಲೊಳಗೆ ನೀರು ನಿಲ್ಲುತ್ತದೆ. ಅವನ್ನು ತೆಂಗಿನ ಗರಿಯ ಕಡ್ಡಿಯಿಂದ ಬಿಡಿಸಿ. ತಂತಿ ಹಾಕಿದರೆ ಬಣ್ಣ ಕೆರೆಯುತ್ತದೆ, ಕಡ್ಡಿಯೇ ಒಳ್ಳೆಯದು. ನಮ್ಮ ಈಗಿನ ಈಕೋದ ಡ್ಯಾಶ್‌ಬೋರ್ಡಿನಲ್ಲಿ ಅಂಥ ಎರಡು ಕಡ್ಡಿ ಯಾವಾಗಲೂ ಇರುತ್ತದೆ.